ಬೇಲಿಯೇ ಎದ್ದು ಹೊಲ ಮೇಯ್ದಾಗ

ಬಂದ ಬೇನೆಗಿಂತ ಮರಳಿ ಬಂದ ಬೇನೆ ಮನಸ್ಸನ್ನು ಹೆಚ್ಚು ಕುಗ್ಗಿಸುತ್ತದೆ. ಮೊದಲ ಸಲ ಅದೇನೆಂದು ತಿಳಿಯದ ಗಾಬರಿ ಇರುತ್ತದೆ. ಆ ಗಾಬರಿಯೇ ಓಡಾಡುವ ಶಕ್ತಿಯನ್ನೂ ಕೊಡುತ್ತದೆ. ಎರಡನೆಯ ಸಲವಾದರೋ ಮುಂದಿನ ದಾರಿಯೆಲ್ಲವೂ ಗೊತ್ತಿರುತ್ತದೆ: ಸೂಜಿ, ಗುಳಿಗೆ, ನಿದ್ದೆಗೆಟ್ಟ ರಾತ್ರಿಗಳು. ಗೊತ್ತಿರುವುದೇ ಒಂದು ಭಾರ. ರೋಗಿ ಮನುಷ್ಯನಾದರೆ ತನ್ನ ನೋವನ್ನು ಬಾಯಿಬಿಟ್ಟು ಹೇಳಿಯಾನು. ಮನೆಯ ನಾಯಿಯಾದರೆ, ಅದರ ಪರವಾಗಿ ನೋಡುವವರೂ ನುಡಿಯುವವರೂ ನಿರ್ಧರಿಸುವವರೂ ನಾವೇ.

ಅಂಥದೊಂದು ರೋಗಕ್ಕೆ ಪಶುವೈದ್ಯರು ಇಮ್ಯೂನ್ ಮೀಡಿಯೇಟೆಡ್ ಹೀಮೊಲಿಟಿಕ್ ಅನೀಮಿಯಾ ಎಂಬ ಉದ್ದನೆಯ ಹೆಸರನ್ನಿಟ್ಟಿದ್ದಾರೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ನಮ್ಮ ಗಾದೆ ಇದರ ಮರ್ಮವನ್ನು ನಾಲ್ಕೇ ಮಾತಿನಲ್ಲಿ ಹೇಳಿಬಿಡುತ್ತದೆ. ರೋಗಾಣುಗಳನ್ನು ತಡೆಯಬೇಕಾದ ರಕ್ಷಣಾವ್ಯವಸ್ಥೆಯು ತನ್ನದೇ ಕೆಂಪು ರಕ್ತಕಣಗಳನ್ನು ಶತ್ರುಗಳೆಂದು ಬಗೆಯುತ್ತದೆ. ಅವುಗಳ ಮೈಗೆ ಪ್ರತಿಕಾಯಗಳು ಅಂಟಿಕೊಳ್ಳುತ್ತವೆ. ಹೀಗೆ ಗುರುತುಬಿದ್ದ ಕಣಗಳನ್ನು ಗುಲ್ಮವೂ ಯಕೃತ್ತೂ ನುಂಗಿಹಾಕುತ್ತವೆ. ನಾಯಿಯ ಕೆಂಪು ಕಣವೊಂದು ಸಹಜವಾಗಿ ನಾಲ್ಕು ತಿಂಗಳಿಗೆ ಹತ್ತಿರ ಬದುಕುವಂಥದು. ಈ ರೋಗದಲ್ಲಿ ಅದು ಕೆಲವೇ ದಿನಗಳಲ್ಲಿ ನಾಶವಾಗಬಹುದು. ಅಸ್ಥಿಮಜ್ಜೆ ಎಷ್ಟು ದುಡಿದರೂ ನಷ್ಟವನ್ನು ತುಂಬಿಕೊಡಲಾರದು.

ಶರೀರವು ತನ್ನ ಮೇಲೆಯೇ ಹೀಗೆ ಕೈಮಾಡುವುದಿಲ್ಲವೆಂದು 20ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಮಹಾವಿಜ್ಞಾನಿ ಪಾಲ್ ಎರ್ಲಿಖ್ ಭಾವಿಸಿದ್ದನು. ಕೈಮಾಡುತ್ತದೆಂಬುದಕ್ಕೆ ಸಾಕ್ಷ್ಯಗಳು ಬರಬರುತ್ತ ಒದಗಿದವು. ಕೆಂಪು ಕಣಗಳಿಗೆ ಅಂಟಿದ ಪ್ರತಿಕಾಯವನ್ನು ಪತ್ತೆಹಚ್ಚುವ ಪರೀಕ್ಷೆಗೆ 1945ರಲ್ಲಿ ಅದರ ವಿಧಾನವನ್ನು ಪ್ರಕಟಿಸಿದ ಇಂಗ್ಲೆಂಡಿನ ಮೂವರಲ್ಲಿ ಒಬ್ಬರಾದ ಕೂಂಬ್ಸ್ ಅವರ ಹೆಸರೇ ಉಳಿದಿದೆ. ನಾಯಿಯ ರಕ್ತಕ್ಕೆ ಇಂದಿಗೂ ಇದೇ ತತ್ತ್ವದ ಪರೀಕ್ಷೆ ನಡೆಯುತ್ತದೆ.

ಕೆಂಚನ ಕಥೆ

ನಮ್ಮ ಮನೆಯ ಕೆಂಚನಿಗೆ ಆರು ವರ್ಷ. ಹೋದ ವರ್ಷ ದೀಪಾವಳಿ ಕಳೆದ ವಾರದಲ್ಲಿ ಅವನು ಮೆಟ್ಟಿಲು ಹತ್ತಲಾರದೆ ನಿಂತನು. ಒಸಡು ಸುಣ್ಣದಂತೆ ಬೆಳ್ಳಗಾಗಿತ್ತು, ಮೂತ್ರ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಆರೋಗ್ಯವಂತ ನಾಯಿಯ ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ ಸುಮಾರು 37ರಿಂದ 55 ಇರಬೇಕು. ಕೆಂಚನಿಗಿದ್ದುದು 13. ನೆರೆಯವರ ದೊಡ್ಡ ನಾಯಿಯೊಂದು ರಕ್ತ ಕೊಟ್ಟಿತು. ಪ್ರೆಡ್ನಿಸೊಲೋನ್ ಗುಳಿಗೆ ಆರಂಭವಾಯಿತು. ಯುಗಾದಿಯ ಹೊತ್ತಿಗೆ ಅಂಕಿ 41ಕ್ಕೆ ಏರಿತ್ತು; ವೈದ್ಯರ ಲೆಕ್ಕದಂತೆ ಗುಳಿಗೆಯ ಪ್ರಮಾಣವೂ ಹಂತಹಂತವಾಗಿ ಇಳಿಯುತ್ತಿತ್ತು. ವೈಶಾಖದಲ್ಲಿ ಒಂದು ಬೆಳಗ್ಗೆ ಅನ್ನದ ತಟ್ಟೆ ಹಾಗೆಯೇ ಉಳಿಯಿತು. ಅಂದಿನ ಅಂಕಿ 18.

“ಮೂಕಪ್ರಾಣಿಯನ್ನು ಇನ್ನೂ ಎಷ್ಟು ಸಲ ಚುಚ್ಚಿಸುತ್ತೀಯಪ್ಪಾ?” ಎಂದು ನಮ್ಮ ತಾಯಿ ಕೇಳಿದರು. ಆ ಪ್ರಶ್ನೆಯನ್ನು ವೈದ್ಯರ ಮುಂದಿಟ್ಟೆನು. ವಯಸ್ಸಾದ ಆ ಪಶುವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಷ್ಟ್ರೇ, ಅಮ್ಮನವರು ಕೇಳಿದ್ದು ಸರಿಯಾಗಿಯೇ ಇದೆ. ಆದರೆ ಅದಕ್ಕೆ ಈವತ್ತೇ ಉತ್ತರ ಬೇಡ. ಮರುಕಳಿಸಿತು ಅಂದರೆ ಮುಗಿಯಿತು ಅಂತಲ್ಲ. ಔಷಧಕ್ಕೆ ಹದಿನೈದು ದಿನ ಕೊಡಿ. ಆಮೇಲೂ ಅವನು ತಾನಾಗಿ ಏಳದೆ, ತಿನ್ನದೆ, ನಿಮ್ಮನ್ನು ಕಂಡು ಬಾಲ ಅಲ್ಲಾಡಿಸದೆ ಇದ್ದರೆ ಆಗ ಮಾತಾಡೋಣ” ಎಂದರು.

ಮರುಕಳಿಕೆಯ ಅರ್ಥ

ಚೇತರಿಸಿಕೊಂಡ ನಾಯಿಗಳಲ್ಲಿಯೂ ನೂರರಲ್ಲಿ ಹತ್ತು ಹದಿನೈದಕ್ಕೆ ಈ ರೋಗ ಮರಳುತ್ತದೆಂದು ತಜ್ಞರ ಎಣಿಕೆ. ಔಷಧವನ್ನು ಇಳಿಸುವ ಕಾಲದಲ್ಲಿ ಬರಬಹುದು. ನಿಲ್ಲಿಸಿ ಬಹುಕಾಲವಾದ ಮೇಲೂ ಬರಬಹುದು. ಬಂದಾಗ ವೈದ್ಯರು ಪ್ರಮಾಣವನ್ನು ಮತ್ತೆ ಏರಿಸುತ್ತಾರೆ. ಅಜಾಥಿಯೊಪ್ರಿನ್, ಮೈಕೊಫಿನೊಲೇಟ್, ಸೈಕ್ಲೊಸ್ಪೊರಿನ್ ಮೊದಲಾದವುಗಳಲ್ಲಿ ಒಂದನ್ನು ಜೊತೆಗೂಡಿಸುವುದೂ ಉಂಟು. ಅದಕ್ಕೂ ಮುಖ್ಯವಾಗಿ, ಬೇಲಿಯನ್ನು ಕೆರಳಿಸಿದ್ದು ಯಾವುದೆಂದು ಹೊಸದಾಗಿ ಹುಡುಕಬೇಕು. ನಮ್ಮ ನಾಡಿನಲ್ಲಿ ಮೊದಲು ಸಂಶಯಪಡಬೇಕಾದದ್ದು ಉಣುಗನ್ನು. ಅದು ಹರಡುವ ಬಬೇಸಿಯಾ ಎಂಬ ಪರೋಪಜೀವಿ ಕೆಂಪು ಕಣಗಳ ಒಳಗೇ ಸೇರಿಕೊಂಡು ಈ ಕಲಹಕ್ಕೆ ಕಾರಣವಾಗಬಲ್ಲದು. ಕಂದು ಬಣ್ಣದ ನಾಯಿಯುಣುಗು ಗೋಡೆಯ ಬಿರುಕಿನಲ್ಲಿಯೂ ತಿಂಗಳುಗಟ್ಟಲೆ ಬದುಕಿರುವುದರಿಂದ, ನಾಯಿಯ ಮೈಯೊಂದನ್ನೇ ನೋಡಿದರೆ ಸಾಲದು, ಮನೆಯನ್ನೂ ನೋಡಬೇಕು.

ಎರಡನೆಯ ಸಲ ರಕ್ತ ಕೊಡುವಾಗ ವಿಶೇಷ ಎಚ್ಚರ ಬೇಕು. ಮೊದಲ ಸಲ ಬಂದ ಪರರಕ್ತದ ವಿರುದ್ಧ ಶರೀರವು ಪ್ರತಿಕಾಯಗಳನ್ನು ಸಿದ್ಧಮಾಡಿಟ್ಟುಕೊಂಡಿರಬಹುದು. ಆದುದರಿಂದ ದಾನಿಯ ರಕ್ತಕ್ಕೂ ರೋಗಿಯ ರಕ್ತಕ್ಕೂ ಹೊಂದಿಕೆಯಾಗುವುದೇ ಎಂದು ಮೊದಲೇ ಪರೀಕ್ಷಿಸಬೇಕು. ಹಿಂದೆ ರಕ್ತ ಕೊಡಿಸಿದ್ದನ್ನು ಹೊಸ ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಮನೆಯವರು ಮಾಡಬೇಕಾದದ್ದು

ಒಂದು ನೋಟುಪುಸ್ತಕವನ್ನಿಡಿ. ದಿನವೂ ಒಂದೇ ಹೊತ್ತಿನಲ್ಲಿ, ಒಂದೇ ಬೆಳಕಿನಲ್ಲಿ ಒಸಡಿನ ಬಣ್ಣವನ್ನು ನೋಡಿ ಬರೆಯಿರಿ. ಕಪ್ಪು ಒಸಡಿನ ನಾಯಿಯಾದರೆ ಕೆಳರೆಪ್ಪೆಯ ಒಳಭಾಗವನ್ನು ನೋಡಿರಿ. ಮಲಗಿ ನಿದ್ರಿಸುವಾಗ ನಿಮಿಷಕ್ಕೆ ಎಷ್ಟು ಉಸಿರೆಂದು ಎಣಿಸಿರಿ; ಮೂವತ್ತನ್ನು ಮೀರುತ್ತ ಹೋದರೆ ವೈದ್ಯರಿಗೆ ತಿಳಿಸಿರಿ. ಈ ರೋಗದಲ್ಲಿ ರಕ್ತನಾಳದೊಳಗೆ ಹೆಪ್ಪು ಕಟ್ಟುವ ಭಯ ದೊಡ್ಡದು. ಹಠಾತ್ತನೆ ಉಸಿರುಗಟ್ಟಿದರೆ ಬೆಳಗಾಗಲೆಂದು ಕಾಯಬಾರದು.

ನಾಯಿ ಗೆಲುವಾಯಿತೆಂದು ಗುಳಿಗೆಯನ್ನು ನಾವಾಗಿ ನಿಲ್ಲಿಸಲಾಗದು. ಬಹುದಿನ ಪ್ರೆಡ್ನಿಸೊಲೋನ್ ಸೇವಿಸಿದ ಶರೀರದಲ್ಲಿ ಅಡ್ರಿನಲ್ ಗ್ರಂಥಿಯು ತನ್ನ ಕೆಲಸವನ್ನು ಮರೆತಿರುತ್ತದೆ. ಥಟ್ಟನೆ ನಿಂತರೆ ಪ್ರಾಣಕ್ಕೇ ಸಂಚಕಾರ. ಈ ಗುಳಿಗೆಯಿಂದ ಬಾಯಾರಿಕೆ ಹೆಚ್ಚುತ್ತದೆ, ಹಸಿವು ಕೆರಳುತ್ತದೆ, ರಾತ್ರಿ ಎರಡು ಮೂರು ಸಲ ಹೊರಗೆ ಬಿಡಬೇಕಾಗುತ್ತದೆ. ನಡುಮನೆಯನ್ನು ಒದ್ದೆಮಾಡಿದ ನಾಯಿಯನ್ನು ಗದರಿಸಬೇಡಿ. ಅದು ಔಷಧದ ಗುಣ. ಈರುಳ್ಳಿ, ಬೆಳ್ಳುಳ್ಳಿ ಬೆರೆತ ಸಾರನ್ನವು ಕೆಂಪು ಕಣಗಳಿಗೆ ಕೇಡು. ನಮ್ಮ ನೋವಿನ ಮಾತ್ರೆಗಳಂತೂ ಕೂಡದು.

ಕೆಂಚನ ಹದಿನೈದು ದಿನಗಳು ಹೇಗೋ ಕಳೆದವು. ಹನ್ನೊಂದನೆಯ ದಿನ ಅವನು ತಾನಾಗಿ ಎದ್ದು ಹಿತ್ತಿಲಿಗೆ ಹೋದನು. ನೋಟುಪುಸ್ತಕದಲ್ಲಿ ಅಂದಿನ ತಾರೀಖಿನ ಕೆಳಗೆ ಮನೆಯಾಕೆ ಎರಡು ಗೆರೆ ಎಳೆದಿದ್ದಾಳೆ. ಇತ್ತೀಚಿನ ಅಂಕಿ 33. ಎರಡನೆಯ ಔಷಧವೂ ನಡೆಯುತ್ತಿದೆ. ಗುಣವಾಯಿತೆಂದು ಹೇಳುವ ಧೈರ್ಯ ನಮಗಿಲ್ಲ.

ಮರುಕಳಿಕೆಯನ್ನು ಯಾರದೋ ತಪ್ಪಿಗೆ ಬಂದ ಶಿಕ್ಷೆಯೆಂದು ಅನೇಕರು ತಿಳಿಯುತ್ತಾರೆ. ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ ಕೊಟ್ಟ ಮನೆಗಳಿಗೂ ಅದು ಬರುತ್ತದೆ. ಬಂದಾಗ ಮಾಡಬಹುದಾದದ್ದು ಇನ್ನೂ ಉಂಟೆಂಬುದನ್ನು ತಿಳಿದು, ಆ ದಿನದ ಒಸಡನ್ನು ಆ ದಿನವೇ ನೋಡುತ್ತ ಹೋಗುವುದು ನಮ್ಮ ಪಾಲಿನ ಕೆಲಸ. ಎಂದಾದರೊಂದು ದಿನ ಸಾಕೆಂದು ಹೇಳಬೇಕಾಗಿ ಬಂದರೆ, ಆ ನಿರ್ಧಾರಕ್ಕೂ ಇದೇ ನೋಟುಪುಸ್ತಕವು ದಾರಿ ತೋರಿಸುತ್ತದೆ.