ಬೀದಿ ಬೆಕ್ಕಿನ ವಿಶ್ವಾಸವನ್ನು ಅಳೆಯಬಹುದೇ?

ಬಿಸಿಯೂಟದ ಅಡುಗೆಮನೆಯ ಹಿಂದೆ, ಹಾಸ್ಟೆಲಿನ ಅಂಗಳದಲ್ಲಿ, ಮೀನು ಮಾರುಕಟ್ಟೆಯ ಮೂಲೆಯಲ್ಲಿ ಸುಳಿದಾಡುವ ಬೆಕ್ಕನ್ನು ನೀವು ನೋಡಿಯೇ ಇರುತ್ತೀರಿ. ನೀವು ಒಂದು ಹೆಜ್ಜೆ ಮುಂದಿಟ್ಟರೆ ಅದು ತಿನ್ನುವುದನ್ನು ನಿಲ್ಲಿಸಿ ನಿಮ್ಮನ್ನೇ ನೋಡುತ್ತದೆ. ಇನ್ನೊಂದು ಹೆಜ್ಜೆ ಇಟ್ಟಿರೋ, ಗೋಡೆ ಹಾರಿ ಮಾಯವಾಗುತ್ತದೆ. ಇಂಥ ಬೆಕ್ಕಿನ ವಿಶ್ವಾಸ ಗಳಿಸುವುದು ಹೇಗೆ? ಭೌತವಿಜ್ಞಾನ ಬೋಧಿಸುವವರಿಗೆ ಈ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಉತ್ತರ ಸರಳ: ಇಲ್ಲಿ ಅಳೆಯಬಹುದಾದ ಒಂದು ಪರಿಮಾಣವಿದೆ. ಅದೇ ದೂರ.

ಮನುಷ್ಯ ಎಷ್ಟು ಹತ್ತಿರ ಬಂದಾಗ ಪ್ರಾಣಿ ಓಡಲು ತೊಡಗುತ್ತದೆಯೋ ಆ ಅಂತರಕ್ಕೆ 'ಪಲಾಯನ ದೂರ' ಎಂದು ಹೆಸರು. ಸ್ವಿಟ್ಜರ್ಲೆಂಡಿನ ಪ್ರಾಣಿವಿಜ್ಞಾನಿ ಹೈನಿ ಹೆಡಿಗರ್ (1908-1992) ಮೃಗಾಲಯದ ಪ್ರಾಣಿಗಳನ್ನು ಅಭ್ಯಸಿಸುತ್ತ ಈ ಪರಿಕಲ್ಪನೆಯನ್ನು ಬೆಳೆಸಿದರು. ಪಳಗಿಸುವುದೆಂದರೆ ಈ ದೂರವನ್ನು ಕ್ರಮೇಣ ಸೊನ್ನೆಯತ್ತ ತರುವುದು. ವಿಶ್ವಾಸ ಕಣ್ಣಿಗೆ ಕಾಣದು. ಪಲಾಯನ ದೂರವನ್ನು ಮಾತ್ರ ಹೆಜ್ಜೆಗಳಲ್ಲಿ ಎಣಿಸಬಹುದು.

ಬೆಕ್ಕಿಗೆ ನಾವು ಹೇಗೆ ಕಾಣುತ್ತೇವೆ?

ಬೆಕ್ಕಿನ ಕಣ್ಣು ನೆಲಮಟ್ಟದಲ್ಲಿದೆ ಎಂದು ಸರಳೀಕರಿಸೋಣ. ನಿಮ್ಮ ಎತ್ತರ 1.6 ಮೀಟರ್ ಇರಲಿ. 8 ಮೀಟರ್ ದೂರದಲ್ಲಿ ನಿಂತಾಗ ಅದರ ಕಣ್ಣಿನಲ್ಲಿ ನೀವು ಸುಮಾರು 11 ಡಿಗ್ರಿ ಕೋನವನ್ನು ಆಕ್ರಮಿಸುತ್ತೀರಿ. 4 ಮೀಟರಿನಲ್ಲಿ ಇದು 22 ಡಿಗ್ರಿ, 2 ಮೀಟರಿನಲ್ಲಿ 39 ಡಿಗ್ರಿ, 1 ಮೀಟರಿನಲ್ಲಿ 58 ಡಿಗ್ರಿ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ನೀವು ನಡೆದು ಬಂದರೆ, ಮೊದಲ 4 ಸೆಕೆಂಡುಗಳಲ್ಲಿ ನಿಮ್ಮ ಕೋನಗಾತ್ರ ಹಿಗ್ಗುವುದು ಸುಮಾರು 11 ಡಿಗ್ರಿ ಮಾತ್ರ. ಕೊನೆಯ ಒಂದೇ ಸೆಕೆಂಡಿನಲ್ಲಿ, ಅಂದರೆ 2 ಮೀಟರಿನಿಂದ 1 ಮೀಟರಿಗೆ ಬರುವಾಗ, ಅದು 19 ಡಿಗ್ರಿ ಹಿಗ್ಗುತ್ತದೆ! ನಿಮ್ಮ ನಡಿಗೆಯ ವೇಗ ಬದಲಾಗಿಲ್ಲ. ಬೆಕ್ಕಿಗಾದರೋ ಒಂದು ಗೋಡೆಯೇ ಮೇಲೆ ಬಿದ್ದಂತೆ.

ಈಗ ನೆಲದ ಮೇಲೆ ಕುಳಿತುಕೊಳ್ಳಿ. ನಿಮ್ಮ ಎತ್ತರ 0.8 ಮೀಟರಿಗೆ ಇಳಿಯಿತು ಎನ್ನೋಣ. 2 ಮೀಟರಿನಲ್ಲಿ ಕುಳಿತ ನೀವು, 4 ಮೀಟರಿನಲ್ಲಿ ನಿಂತ ನಿಮ್ಮಷ್ಟೇ ಕೋನವನ್ನು ಆಕ್ರಮಿಸುತ್ತೀರಿ. ಬೆಕ್ಕಿನ ಭಯಕ್ಕೆ ಇದೊಂದೇ ಕಾರಣವಲ್ಲ; ವಾಸನೆ, ಸದ್ದು, ಹಿಂದಿನ ಅನುಭವ ಎಲ್ಲವೂ ಸೇರುತ್ತವೆ. ಮನುಷ್ಯರಿಗೆ ಕೇಳಿಸುವ ಶಬ್ದದ ಮೇಲ್ಮಿತಿ ಸುಮಾರು 20 ಕಿಲೋಹರ್ಟ್ಸ್. ಬೆಕ್ಕು 60 ಕಿಲೋಹರ್ಟ್ಸ್‌ಗೂ ಮೀರಿದ ಶಬ್ದವನ್ನು ಕೇಳಬಲ್ಲದು. ಆದ್ದರಿಂದ ಮೊದಲ ನಿಯಮ: ಕುಳಿತುಕೊಳ್ಳಿ, ನಿಧಾನಿಸಿ, ಸದ್ದು ಮಾಡಬೇಡಿ.

ಎರಡು ಬಗೆಯ ಬೆಕ್ಕುಗಳು

ಬೀದಿಯಲ್ಲಿರುವ ಬೆಕ್ಕುಗಳೆಲ್ಲ ಒಂದೇ ಅಲ್ಲ. ಮನೆಯಲ್ಲಿ ಬೆಳೆದು ಅನಂತರ ತಬ್ಬಲಿಯಾದವು ಕೆಲವು. ಮರಿಯಾಗಿದ್ದಾಗ ಮನುಷ್ಯರ ಸ್ಪರ್ಶವನ್ನೇ ಕಾಣದೆ ಕಾಡಾಡಿಯಾಗಿ ಬೆಳೆದವು ಇನ್ನು ಕೆಲವು. ಈ ವ್ಯತ್ಯಾಸ ಮುಖ್ಯ. ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಷ್ 1980ರ ದಶಕದಲ್ಲಿ ಬೆಕ್ಕಿನ ಮರಿಗಳನ್ನು ಗುಂಪುಗಳಾಗಿ ವಿಂಗಡಿಸಿ ಪ್ರಯೋಗ ನಡೆಸಿದರು. ಒಂದು ಗುಂಪನ್ನು 3ನೇ ವಾರದಿಂದ, ಮತ್ತೊಂದನ್ನು 7ನೇ ವಾರದಿಂದ ದಿನವೂ ಎತ್ತಿ ಆಡಿಸಲಾಯಿತು, ಮೂರನೆಯದನ್ನು ಮುಟ್ಟಲಿಲ್ಲ. ಬೇಗ ಸ್ಪರ್ಶ ಪಡೆದ ಮರಿಗಳು ಮುಂದೆ ಮನುಷ್ಯರ ಬಳಿಗೆ ಬೇಗ ಬಂದವು, ಹೆಚ್ಚು ಹೊತ್ತು ಮಡಿಲಲ್ಲಿ ಉಳಿದವು. 2ರಿಂದ 7 ವಾರಗಳ ಅವಧಿ ಮನುಷ್ಯರನ್ನು ಒಪ್ಪಿಕೊಳ್ಳಲು ಬಹು ಅನುಕೂಲವಾದ ಕಾಲ ಎಂದು ಇದರಿಂದ ತಿಳಿದುಬಂತು.

ಹಾಗಾದರೆ ವಯಸ್ಕ ಬೆಕ್ಕು ಕಲಿಯುವುದೇ ಇಲ್ಲವೇ? ಕಲಿಯುತ್ತದೆ, ತಡವಾಗಿ. ಇದರಲ್ಲಿ ಎರಡು ಕ್ರಿಯೆಗಳಿವೆ. ಅಪಾಯವಿಲ್ಲದ ಪ್ರಚೋದನೆ ಮತ್ತೆ ಮತ್ತೆ ಒದಗಿದಾಗ ಪ್ರತಿಕ್ರಿಯೆ ಕುಗ್ಗುವುದು ಒಂದು, ಇದು ರೂಢಿಗೊಳ್ಳುವಿಕೆ. ಪಾವ್‌ಲೋವ್ ಅವರ ನಾಯಿಗಳಲ್ಲಿ ಆದಂತೆ, ನಿಮ್ಮ ಇರವು ಆಹಾರದೊಂದಿಗೆ ಹೆಣೆದುಕೊಳ್ಳುವುದು ಇನ್ನೊಂದು. ಎಚ್ಚರ, ಇದಕ್ಕೆ ವಿರುದ್ಧ ದಿಕ್ಕೂ ಇದೆ. ಪ್ರಚೋದನೆ ತೀರಾ ಪ್ರಬಲವಾದರೆ ಭಯ ಕುಗ್ಗದೆ ಬೆಳೆಯುತ್ತದೆ. ಬೆಕ್ಕನ್ನು ಮೂಲೆಗೆ ಒತ್ತರಿಸಿ ಒಮ್ಮೆ ಹಿಡಿದರೆ ವಾರಗಳ ಶ್ರಮ ವ್ಯರ್ಥವಾಗಬಹುದು.

ವಿಧಾನ

ದಿನವೂ ಒಂದೇ ಸಮಯ, ಒಂದೇ ಜಾಗ, ಒಬ್ಬನೇ ವ್ಯಕ್ತಿ. ಉಪ್ಪು, ಮಸಾಲೆ, ಈರುಳ್ಳಿ ಹಾಕದೆ ಬೇಯಿಸಿದ ಮೊಟ್ಟೆಯನ್ನೋ ಮುಳ್ಳು ತೆಗೆದ ಮೀನನ್ನೋ ಇಡಿ. ಈರುಳ್ಳಿ ಬೆಕ್ಕಿಗೆ ವಿಷ. ಬೆಕ್ಕೆಂದರೆ ಹಾಲು ಎಂಬುದು ರೂಢಿಯ ಮಾತು. ಹಲವು ವಯಸ್ಕ ಬೆಕ್ಕುಗಳಿಗೆ ಹಾಲಿನ ಲ್ಯಾಕ್ಟೋಸ್ ಜೀರ್ಣವಾಗದೆ ಭೇದಿಯಾಗುತ್ತದೆ. ಬೆಕ್ಕು ನಿರಾಳವಾಗಿ ತಿನ್ನುವಷ್ಟು ದೂರದಲ್ಲಿ, ಅದಕ್ಕೆ ಓಡುವ ದಾರಿ ತೆರೆದಿರುವಂತೆ, ಪಕ್ಕಕ್ಕೆ ತಿರುಗಿ ಕುಳಿತುಕೊಳ್ಳಿ. ಸತತ ಮೂರು ದಿನ ಅದು ತಲೆ ಎತ್ತದೆ ತಿಂದರೆ ತಟ್ಟೆಯನ್ನು ಒಂದು ಹೆಜ್ಜೆ ಹತ್ತಿರ ಇಡಿ. ಬೆದರಿದರೆ ಹಿಂದಿನ ದೂರಕ್ಕೆ ಮರಳಿ. ಕೊನೆಯ ಅಂತರವನ್ನು ನೀವು ದಾಟಬೇಡಿ. ಅದನ್ನು ದಾಟುವ ಹಕ್ಕು ಬೆಕ್ಕಿನದು.

ದಿಟ್ಟಿಸಿ ನೋಡುವುದೂ ಬೆದರಿಕೆಯೇ. ಕಣ್ಣುಗಳನ್ನು ಅರೆಮುಚ್ಚಿ ನಿಧಾನವಾಗಿ ಮಿಟುಕಿಸಿ. 2020ರಲ್ಲಿ ಬ್ರಿಟನ್ನಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯಗಳ ಸಂಶೋಧಕರು ಇದನ್ನು ಪರೀಕ್ಷಿಸಿದರು. ಅಪರಿಚಿತ ವ್ಯಕ್ತಿ ಹೀಗೆ ಮಿಟುಕಿಸಿದಾಗ, ನಿರ್ಭಾವದಿಂದ ಇದ್ದಾಗಿಗಿಂತ ಹೆಚ್ಚಾಗಿ ಬೆಕ್ಕುಗಳು ಚಾಚಿದ ಕೈಯತ್ತ ಬಂದವು. ಅವು ಸಾಕಿದ ಬೆಕ್ಕುಗಳು ಎಂಬುದನ್ನು ಮರೆಯದಿರಿ.

ಅಧ್ಯಾಪಕರಿಗೆ ಒಂದು ಮಾತು

ಇದು ವಿದ್ಯಾರ್ಥಿಗಳಿಗೆ ಉತ್ತಮ ವೀಕ್ಷಣಾ ಯೋಜನೆಯಾಗಬಲ್ಲದು. ದಿನಾಂಕ, ಹವೆ, ದೂರ ಇವನ್ನು ದಾಖಲಿಸಿ ನಕ್ಷೆ ಬರೆಯಲಿ. ರೇಖೆ ನೇರವಾಗಿ ಇಳಿಯುವುದೆಂದು ನಿರೀಕ್ಷಿಸಬೇಡಿ. ಪಟಾಕಿಯ ದಿನವೋ ನಾಯಿ ಅಟ್ಟಿದ ದಿನವೋ ಅದು ಥಟ್ಟನೆ ಮೇಲೇರಬಹುದು. ಆದರೆ ವಿದ್ಯಾರ್ಥಿಗಳು ಬೆಕ್ಕನ್ನು ಮುಟ್ಟಬಾರದು. ರೇಬೀಸ್ ಬೆಕ್ಕಿನಿಂದಲೂ ಹರಡುತ್ತದೆ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿದವರು ಅತಿ ವಿರಳ. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ವೈದ್ಯರನ್ನು ಕಾಣಬೇಕು. ಗಾಯ ಚಿಕ್ಕದೆಂದು ಬಿಡುವಂತಿಲ್ಲ.

ನಕ್ಷೆಯ ರೇಖೆ ಎರಡು ಮೀಟರಿನಲ್ಲೇ ನಿಂತುಬಿಟ್ಟರೆ? ಕಾಡಾಡಿಯಾಗಿ ಬೆಳೆದ ಬೆಕ್ಕಿನಲ್ಲಿ ಇದು ಸಹಜ. ಅದನ್ನು ಸೋಲೆಂದು ಭಾವಿಸಬೇಕಿಲ್ಲ. ಎರಡು ಮೀಟರಿನಲ್ಲಿ ನೆಮ್ಮದಿಯಾಗಿ ತಿನ್ನುವ ಬೆಕ್ಕನ್ನು ಅನುಭವವುಳ್ಳವರು ಪಂಜರದಲ್ಲಿ ಹಿಡಿದು, ಸಂತಾನಹರಣ ಚಿಕಿತ್ಸೆ ಮತ್ತು ರೇಬೀಸ್ ಲಸಿಕೆ ಕೊಡಿಸಿ, ಅದೇ ಜಾಗದಲ್ಲಿ ಬಿಡಬಹುದು. ಬೆಕ್ಕಿನ ಗರ್ಭಾವಧಿ ಸುಮಾರು 9 ವಾರ ಮಾತ್ರ. ಚಿಕಿತ್ಸೆಯಿಲ್ಲದೆ ಬರಿಯ ಆಹಾರ ಹಾಕುತ್ತಿದ್ದರೆ ಮರಿಗಳ ಸಂಖ್ಯೆ, ಅವುಗಳ ಸಂಕಟ ಎರಡೂ ಹೆಚ್ಚುತ್ತವೆ. ಆ ಬೆಕ್ಕು ಎಂದೂ ನಿಮ್ಮ ಮಡಿಲೇರದಿರಬಹುದು. ನಿಮ್ಮನ್ನು ಕಂಡು ಓಡದಿದ್ದರೆ, ಅದು ಕೊಡಬಲ್ಲ ವಿಶ್ವಾಸವನ್ನು ಕೊಟ್ಟಿದೆ ಎಂದೇ ಅರ್ಥ.