ಶಿಷ್ಯವೇತನದ ನಿರೀಕ್ಷೆ: ಮನೆಯ ಧೈರ್ಯ, ಸಮಾಜದ ಹೊಣೆ

ಧಾರವಾಡಕ್ಕೆ ವಿದ್ಯಾನಗರಿಯೆಂಬ ಹೆಸರು ಸುಮ್ಮನೆ ಬಂದುದಲ್ಲ. 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯ, 1986ರ ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಆರಂಭಗೊಂಡ ಐಐಟಿ, ಅವಳಿ ನಗರವಾದ ಹುಬ್ಬಳ್ಳಿಯಲ್ಲಿ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ, ಇವೆಲ್ಲ ಕೆಲವೇ ಹರದಾರಿಗಳ ಅಂತರದಲ್ಲಿವೆ. ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಸ್ನಾತಕೋತ್ತರ ಪದವಿ ಮುಗಿಸಿ ಇಲ್ಲಿ ಪಿಎಚ್.ಡಿ. ಮಾಡುವ ಹಂಬಲ ಹೊತ್ತಿದ್ದಾರೆ. ಆದರೆ ಆ ಪದವಿಗೆ ಹಣ ಎಲ್ಲಿಂದ ಬರುತ್ತದೆ, ಅದಕ್ಕಾಗಿ ಎಷ್ಟು ಕಾಲ ಕಾಯಬೇಕಾಗುತ್ತದೆ ಎಂಬುದು ಬಹಳಷ್ಟು ತಂದೆತಾಯಿಗಳಿಗೆ ತಿಳಿದಿರುವುದಿಲ್ಲ. ಈ ಅರಿವಿನ ಕೊರತೆಯಿಂದಲೇ ಯೋಗ್ಯರಾದ ಎಷ್ಟೋ ಮಕ್ಕಳು ಅರ್ಧದಾರಿಯಲ್ಲಿ ನಿಂತುಬಿಡುತ್ತಾರೆ. ಆದುದರಿಂದ ಈ ವಿಷಯವನ್ನು ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಹಿರಿಯರು ತೋರಿದ ದಾರಿ

ವಿದ್ಯೆಗೆ ಧನಸಹಾಯ ಒದಗಿಸುವ ಚಿಂತನೆ ನಮಗೆ ಹೊಸದಲ್ಲ. ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದ ಹಿರಿಯರ ಪರಿಶ್ರಮದಿಂದ 1883ರಲ್ಲಿಯೇ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತು. ಶಿರಸಂಗಿ ಲಿಂಗರಾಜ ದೇಸಾಯರು (1861-1906) ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯಾರ್ಥಿಗಳ ಶಿಕ್ಷಣಕ್ಕೆ ಮೀಸಲಿಟ್ಟರು. ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಪ್ರಸಾದ ನಿಲಯ ನಡೆಸಿ ಬಡ ಮಕ್ಕಳ ಹಸಿವನ್ನು ನೀಗಿದರು. ಡಾ. ಶಿ.ಚೆ. ನಂದೀಮಠರು ಲಂಡನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಬಂದರು. ವೀರಶೈವವನ್ನು ಕುರಿತ ಅವರ ಇಂಗ್ಲಿಷ್ ಕೈಪಿಡಿಯನ್ನು 1942ರಲ್ಲಿ ಪ್ರಕಟಿಸಿದ್ದು ಇದೇ ವಿದ್ಯಾಭಿವೃದ್ಧಿ ಸಂಸ್ಥೆಯ ಸಾಹಿತ್ಯ ಸಮಿತಿ.

ಇನ್ನೊಂದು ನಿದರ್ಶನವೂ ನಮ್ಮೆದುರಿಗಿದೆ. ಧಾರವಾಡದಲ್ಲಿ ಜನಿಸಿದ ಡಾ. ಫ.ಗು. ಹಳಕಟ್ಟಿಯವರು ವಚನಗಳ ಸಂಶೋಧನೆ ಹಾಗೂ ಮುದ್ರಣಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. ಆ ತ್ಯಾಗ ವಂದನೀಯವಾದುದು. ಆದರೆ ಪ್ರತಿಯೊಬ್ಬ ಸಂಶೋಧಕನೂ ಮನೆ ಮಾರಿಯೇ ಜ್ಞಾನ ಸಂಪಾದಿಸಲಿ ಎಂದು ಬಯಸುವುದು ಯಾವ ಸಮಾಜಕ್ಕೂ ಶೋಭೆಯಲ್ಲ.

ಇಂದಿನ ಸ್ಪರ್ಧೆ

ಇಂದು ಸಂಶೋಧಕರಿಗೆ ಮುಖ್ಯ ಆಸರೆಯೆಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಕಿರಿಯ ಸಂಶೋಧನ ಶಿಷ್ಯವೇತನ, ಅಂದರೆ ಜೆ.ಆರ್.ಎಫ್. 2023ರ ಜನವರಿಯಿಂದ ಇದರ ಮೊತ್ತ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷಗಳ ನಂತರ ಪ್ರಗತಿಯ ಪರಿಶೀಲನೆ ನಡೆದು ಅದು 42,000ಕ್ಕೆ ಏರುತ್ತದೆ. ಇದಕ್ಕೆ ನೆಟ್ ಪರೀಕ್ಷೆಯಲ್ಲಿ ಮೇಲಿನ ಸಾಲಿನಲ್ಲಿ ಬರಬೇಕು. ಮೂರು ಗಂಟೆಯ ಅವಧಿ, ಎರಡು ಪತ್ರಿಕೆ, 150 ಪ್ರಶ್ನೆ, 300 ಅಂಕ. ಭಾಷಾ ವಿಷಯಗಳನ್ನು ಬಿಟ್ಟರೆ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ಕನ್ನಡ ಎಂ.ಎ. ಮಾಡಿದವರೂ ಮೊದಲನೆಯ ಪತ್ರಿಕೆಯನ್ನು ಈ ಭಾಷೆಗಳಲ್ಲಿಯೇ ಎದುರಿಸಬೇಕು. ಹಳ್ಳಿಯ ಶಾಲೆಯಿಂದ ಬಂದ ಮಕ್ಕಳು ಮುಗ್ಗರಿಸುವುದು ಹೆಚ್ಚಾಗಿ ಇಲ್ಲಿಯೇ.

2024ರ ಜೂನ್ ಆವೃತ್ತಿಯ ಕಥೆಯನ್ನು ಪ್ರತಿಯೊಂದು ಮನೆಯೂ ತಿಳಿದಿರಬೇಕು. ಜೂನ್ 18ರಂದು ಪರೀಕ್ಷೆ ನಡೆಯಿತು. ಮರುದಿನವೇ ಕೇಂದ್ರ ಶಿಕ್ಷಣ ಸಚಿವಾಲಯ ಅದನ್ನು ರದ್ದುಗೊಳಿಸಿತು. ಆಗಸ್ಟ್-ಸೆಪ್ಟೆಂಬರಿನಲ್ಲಿ ಮರುಪರೀಕ್ಷೆಯಾಗಿ ಫಲಿತಾಂಶ ಹೊರಬಿದ್ದದ್ದು ಅಕ್ಟೋಬರಿನಲ್ಲಿ. ಪರೀಕ್ಷೆ ಬರೆದವರು 6,84,224 ಜನ; ಜೆ.ಆರ್.ಎಫ್. ಪಡೆದವರು 4,970. ಅಂದರೆ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಅದೇ ಸಲ ಕೇವಲ ಪಿಎಚ್.ಡಿ. ಪ್ರವೇಶಕ್ಕೆ ಅರ್ಹರಾದವರು 1,12,070. ಇವರಿಗೆ ವಿದ್ಯಾಮಂದಿರದ ಬಾಗಿಲು ತೆರೆಯಿತು, ಆದರೆ ಈ ವೇತನ ದೊರೆಯಲಿಲ್ಲ. ಈ ವಾಸ್ತವವನ್ನು ಅರಿತರೆ, ಒಮ್ಮೆ ಸೋತ ಮಗನನ್ನು ದಡ್ಡನೆನ್ನುವ ನಾಲಿಗೆ ತಾನಾಗಿಯೇ ಹಿಂಜರಿಯುತ್ತದೆ.

ಗೆದ್ದ ಮೇಲೂ ಕಾಯುವಿಕೆ

ಆಯ್ಕೆಯಾದೊಡನೆ ಹಣ ಕೈಸೇರುವುದಿಲ್ಲ. ಮೂರು ವರ್ಷದೊಳಗೆ ಮಾರ್ಗದರ್ಶಕರನ್ನು ಹುಡುಕಿ, ಸಂದರ್ಶನ ಎದುರಿಸಿ, ಪಿಎಚ್.ಡಿ.ಗೆ ಸೇರಬೇಕು. ದಾಖಲೆಗಳ ಪರಿಶೀಲನೆಯಾಗಬೇಕು. ಅನಂತರವೂ ಸಂಶೋಧಕರು ಕೆಲಸದಲ್ಲಿ ನಿರತರಾಗಿದ್ದಾರೆಂದು ಸಂಸ್ಥೆ ಪ್ರತಿ ತಿಂಗಳೂ ದೃಢೀಕರಿಸಬೇಕು; ಆಮೇಲೆಯೇ ಹಣ ಬ್ಯಾಂಕ್ ಖಾತೆಗೆ ಜಮೆಯಾಗುವುದು. ಎಲ್ಲಿಯಾದರೂ ಒಂದು ಸಹಿ ತಪ್ಪಿದರೆ ತಿಂಗಳುಗಳೇ ಉರುಳುತ್ತವೆ. ಆರು ತಿಂಗಳು ತಡವಾದರೆ ಬರಬೇಕಾದ ಬಾಕಿಯೇ 2,22,000 ರೂಪಾಯಿ. ಹಣ ಕಾಗದದ ಮೇಲಿರುತ್ತದೆ. ಕೋಣೆಯ ಬಾಡಿಗೆ, ಖಾನಾವಳಿಯ ಲೆಕ್ಕ ಮಾತ್ರ ತಿಂಗಳು ತಿಂಗಳು ಬಂದು ನಿಲ್ಲುತ್ತವೆ.

ಪ್ರಮಾಣಪತ್ರದ ವಿಷಯದಲ್ಲಿಯೂ ಎಚ್ಚರ ಅಗತ್ಯ. ರಾಜ್ಯದಲ್ಲಿ 3ಬಿ ಪ್ರವರ್ಗದ ಪ್ರಮಾಣಪತ್ರವಿದ್ದ ಮಾತ್ರಕ್ಕೆ ಕೇಂದ್ರದ ಪರೀಕ್ಷೆಯಲ್ಲಿ ಹಿಂದುಳಿದ ವರ್ಗದ ಸೌಲಭ್ಯ ದೊರೆಯುವುದಿಲ್ಲ. ಕೇಂದ್ರದ ಪಟ್ಟಿ ಬೇರೆ, ರಾಜ್ಯದ ಪಟ್ಟಿ ಬೇರೆ. ತಮ್ಮ ಒಳಪಂಗಡ ಕೇಂದ್ರದ ಪಟ್ಟಿಯಲ್ಲಿದೆಯೇ ಎಂಬುದನ್ನು ಅರ್ಜಿ ತುಂಬುವ ಮೊದಲೇ ನೋಡಿಕೊಳ್ಳಬೇಕು. ಜೊತೆಗೆ ಒಂದೇ ಬಾಗಿಲನ್ನು ನೆಚ್ಚಬಾರದು. ವಿಜ್ಞಾನದವರಿಗೆ ಸಿ.ಎಸ್.ಐ.ಆರ್. ಪರೀಕ್ಷೆ, ಸಮಾಜಶಾಸ್ತ್ರ, ಅರ್ಥಶಾಸ್ತ್ರ ಓದಿದವರಿಗೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನ ಮಂಡಳಿಯ ನೆರವು ಇವೆ. ಇವುಗಳಿಗೂ ಅರ್ಜಿ ಹಾಕುವುದು ವಿವೇಕ.

ಮನೆ ಮಾಡಬೇಕಾದುದೇನು?

ಕಾಯುವ ಈ ಕಾಲದಲ್ಲಿ ಹೆಚ್ಚು ನಷ್ಟ ಅನುಭವಿಸುವವರು ಹೆಣ್ಣುಮಕ್ಕಳು. ಜೆ.ಆರ್.ಎಫ್.ಗೆ ವಯೋಮಿತಿ 30 ವರ್ಷ. ಮಹಿಳೆಯರಿಗೆ 5 ವರ್ಷಗಳ ವಿನಾಯಿತಿ ಉಂಟು. ಸರಕಾರ ಕೊಟ್ಟ ಆ ಐದು ವರ್ಷಗಳನ್ನು ಮನೆಯವರೇ ಕಸಿದುಕೊಳ್ಳುವ ಪ್ರಸಂಗಗಳು ಕಡಿಮೆಯೇನಿಲ್ಲ. ‘ಇನ್ನೂ ಎಷ್ಟು ದಿನ ಓದುತ್ತೀ?’ ಎಂಬ ಪ್ರಶ್ನೆ ಒಂದು ಸಲ ಕೇಳಿದರೆ ಕಾಳಜಿ. ಪ್ರತಿ ಹಬ್ಬಕ್ಕೂ ಕೇಳಿದರೆ ಅದು ಶಿಕ್ಷೆ. ಸಂಬಂಧ ಕುದುರಿಸುವಾಗಲೇ ‘ನಮ್ಮ ಮಗಳು ಸಂಶೋಧನೆ ಪೂರೈಸುತ್ತಾಳೆ’ ಎಂದು ಬೀಗರಿಗೆ ಸ್ಪಷ್ಟವಾಗಿ ತಿಳಿಸುವ ತಂದೆಯೇ ನಿಜವಾದ ವಿದ್ಯಾಪೋಷಕ. ಮಕ್ಕಳೂ ಸಹ ಎಷ್ಟು ಸಲ ಪರೀಕ್ಷೆ ಬರೆಯುವುದು, ಅಲ್ಲಿಯವರೆಗೆ ಜೀವನಕ್ಕೆ ಏನು ಮಾಡುವುದು ಎಂಬುದನ್ನು ಮೊದಲೇ ಹಿರಿಯರೊಡನೆ ಕುಳಿತು ಮಾತಾಡಿ ನಿಶ್ಚಯಿಸಿಕೊಳ್ಳಬೇಕು.

ಸಮಾಜದ ಹೊಣೆ

ನಮ್ಮ ನಿಧಿಗಳು, ವಸತಿ ನಿಲಯಗಳು ಹೆಚ್ಚಾಗಿ ಪದವಿಯವರೆಗಿನ ವಿದ್ಯಾರ್ಥಿಗಳನ್ನು ಕಣ್ಣಮುಂದಿಟ್ಟುಕೊಂಡು ಬೆಳೆದವು. ವೇತನ ಮಂಜೂರಾಗಿಯೂ ಹಣ ಬಾರದ ಆ ಐದಾರು ತಿಂಗಳಿಗೆ ಬಡ್ಡಿಯಿಲ್ಲದ ಕೈಗಡ ಕೊಡುವ ಒಂದು ವ್ಯವಸ್ಥೆ ಈಗ ಬೇಕಾಗಿದೆ. ಹತ್ತು ಜನರಿಗೆ ತಿಂಗಳಿಗೆ 10,000 ರೂಪಾಯಿಯಂತೆ ಆರು ತಿಂಗಳು ಕೊಟ್ಟರೆ ತಗಲುವುದು 6 ಲಕ್ಷ ರೂಪಾಯಿ. ಬಾಕಿ ವೇತನ ಕೈಸೇರಿದೊಡನೆ ಸಂಶೋಧಕರು ಅದನ್ನು ಮರಳಿಸಿದರೆ ಅದೇ ಹಣ ಮುಂದಿನ ಹತ್ತು ಜನರಿಗೆ ಆಸರೆಯಾಗುತ್ತದೆ. ಮದುವೆ, ಗೃಹಪ್ರವೇಶಗಳ ವೆಚ್ಚದಲ್ಲಿ ಒಂದಿಷ್ಟು ಪಾಲನ್ನು ಇದಕ್ಕೆ ತೆಗೆದಿರಿಸುವುದು ಉಳ್ಳವರಿಗೆ ಭಾರವೇನಲ್ಲ.

ಅನ್ನದಾಸೋಹವನ್ನು ನಾವು ಚೆನ್ನಾಗಿ ಬಲ್ಲೆವು. ಓದುವ ಮಗುವಿಗೆ ಕಾಯುವ ಶಕ್ತಿ ಕೊಡುವುದೂ ದಾಸೋಹವೇ. 1883ರಲ್ಲಿ ಹಿರಿಯರು ತಮ್ಮ ಕಾಲದ ಅಗತ್ಯವನ್ನರಿತು ನಡೆದರು. ನಮ್ಮ ಕಾಲದ ಅಗತ್ಯವನ್ನರಿತು ನಡೆಯುವುದು ನಮ್ಮ ಪಾಲಿನ ಕಾಯಕ.