ಕಾಲಿನಲ್ಲಿ ಉಬ್ಬಿದ ನರ ಮತ್ತು ಅದರ ಇಂದಿನ ಚಿಕಿತ್ಸೆ



ಮೀನಖಂಡದ ಮೇಲೆ ಹಸಿರು ನೀಲಿ ಬಣ್ಣದಲ್ಲಿ, ಹೊಸೆದ ಹಗ್ಗದಂತೆ ಉಬ್ಬಿ ಸುತ್ತಿಕೊಂಡ ನಾಳಗಳನ್ನು ನೀವು ನೋಡಿಯೇ ಇರುತ್ತೀರಿ. ಕನ್ನಡದಲ್ಲಿ ನಾವು 'ನರ ಉಬ್ಬಿದೆ' ಎನ್ನುತ್ತೇವೆ. ಹೊಸೂರು, ತಾಳವಾಡಿಯವರು ಆಸ್ಪತ್ರೆಗೆ ಹೋದರೆ 'ನರಂಬು ಸುರುಟ್ಟು' ಎಂಬ ಮಾತು ಕೇಳುತ್ತಾರೆ. ಕಾಸರಗೋಡಿನವರಿಗೆ ಅದು 'ಞರಂಬು', ಆದೋನಿ, ರಾಯದುರ್ಗದವರಿಗೆ 'ನರಾಲು'. ಸೊಲ್ಲಾಪುರ, ಜತ್ತದ ಮರಾಠಿಯಲ್ಲಿ ಮಾತ್ರ 'ಶಿರಾ' ಎನ್ನುತ್ತಾರೆ. ಇಷ್ಟರಲ್ಲಿ ಸರಿಯಾದ ಮಾತು ಯಾವುದು ಎಂದರೆ ಮರಾಠಿಯವರದೇ. ಏಕೆಂದರೆ ಉಬ್ಬಿರುವುದು ನರವಲ್ಲ, ರಕ್ತನಾಳ. ವೈದ್ಯರು ಇದನ್ನು 'ವೆರಿಕೋಸ್ ವೇನ್ಸ್' ಎಂದು ಕರೆಯುತ್ತಾರೆ.

ಹೆಸರಿನಲ್ಲೇನಿದೆ ಎಂದು ಕೇಳಬಹುದು. ಇದೆ. ನರ ಎಂದರೆ ಮೆದುಳಿನಿಂದ ಕೈಕಾಲಿಗೆ ಅಪ್ಪಣೆ ಒಯ್ಯುವ ತಂತಿ. ಅದು ತುಂಡಾದರೆ ಕೈಕಾಲು ಸ್ವಾಧೀನ ತಪ್ಪುತ್ತದೆ. ಹೀಗಾಗಿ 'ನರ ತೆಗೆಯಬೇಕು' ಎಂದು ಕೇಳಿದ ಕೂಡಲೇ ನಮ್ಮವರು ಹೆದರಿ, ಸೀರೆಯ ಅಂಚಿನಲ್ಲೋ ಪಂಚೆಯ ಮರೆಯಲ್ಲೋ ಕಾಲು ಮುಚ್ಚಿಕೊಂಡು ಹತ್ತು ಹದಿನೈದು ವರ್ಷ ಕಳೆದುಬಿಡುತ್ತಾರೆ. ಕೊನೆಗೆ ಹರಡಿನ ಹತ್ತಿರ ಹುಣ್ಣಾದಾಗ ಆಸ್ಪತ್ರೆ ನೆನಪಾಗುತ್ತದೆ. ಉಬ್ಬಿದ ರಕ್ತನಾಳಕ್ಕೆ ಚಿಕಿತ್ಸೆ ಮಾಡಿಸಿದರೆ ಕಾಲು ಬಿದ್ದುಹೋಗುವುದಿಲ್ಲ. ಹೇಗೆ ಎಂಬುದನ್ನು ತಿಳಿಯಲು ಮೊದಲು ಇದು ಯಾಕೆ ಉಬ್ಬುತ್ತದೆ ಎಂದು ನೋಡೋಣ.

ಹೃದಯದಿಂದ ಕಾಲಿಗೆ ಇಳಿದ ರಕ್ತ ಮತ್ತೆ ಮೇಲಕ್ಕೆ ಏರಬೇಕು. ಈ ಏರಿಕೆಗೆ ಮೀನಖಂಡದ ಸ್ನಾಯುಗಳೇ ಪಂಪು. ನಾವು ನಡೆದಾಗಲೆಲ್ಲ ಅವು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ತಳ್ಳಿದ ರಕ್ತ ಕೆಳಗೆ ಜಾರದಂತೆ ನಾಳದೊಳಗೆ ಅಲ್ಲಲ್ಲಿ ಪುಟ್ಟ ಕವಾಟಗಳಿವೆ. ಬಾವಿಗೆ ಪಂಪು ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೈಪಿನ ಬುಡದಲ್ಲಿರುವ ಫುಟ್‌ವಾಲ್ವು ಸೋರತೊಡಗಿದರೆ ಪೈಪಿನ ನೀರು ಬಾವಿಗೇ ಇಳಿಯುತ್ತದಲ್ಲವೇ? ಕಾಲಿನಲ್ಲೂ ಹಾಗೆಯೇ. ಕವಾಟ ಸಡಿಲವಾದರೆ ರಕ್ತ ಕೆಳಗೆ ನಿಂತು, ಅದರ ಭಾರಕ್ಕೆ ನಾಳ ಹಿಗ್ಗಿ ಸುರುಳಿ ಸುತ್ತುತ್ತದೆ.

ತಾಯಿತಂದೆಯರಿಗೆ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ಬಸಿರು, ಮೈಭಾರ, ಹೆಚ್ಚುತ್ತಿರುವ ವಯಸ್ಸು ಇವೂ ಕಾರಣ. ದಿನವಿಡೀ ಒಂದೇ ಕಡೆ ನಿಂತು ಮಾಡುವ ಕೆಲಸ ತೊಂದರೆಯನ್ನು ಬೆಳೆಸುತ್ತದೆ. ಸೊಲ್ಲಾಪುರದ ಮಗ್ಗದವರು, ಹೋಟೆಲಿನಲ್ಲಿ ಕಾವಲಿಯ ಮುಂದೆ ನಿಲ್ಲುವವರು, ಬಸ್ಸಿನ ಕಂಡಕ್ಟರು, ಶಾಲೆಯ ಮಾಸ್ತರು, ಎಲ್ಲರೂ ಈ ಸಾಲಿನವರೇ.

ಸಂಜೆಯಾದರೆ ಕಾಲು ಭಾರ, ಹರಡು ಬಾವು, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ತುರಿಕೆ. ಇವು ಮೊದಲ ಹಂತ. ಆಮೇಲೆ ಹರಡಿನ ಒಳಮಗ್ಗುಲ ಚರ್ಮ ಕಪ್ಪಾಗಿ ಗಟ್ಟಿಯಾಗುತ್ತದೆ. ಅಲ್ಲಿ ಒಂದು ಸಣ್ಣ ಗಾಯವಾದರೂ ಸಾಕು, ಮಾಯುವುದೇ ಇಲ್ಲ. ಮುಲಾಮು, ಸೊಪ್ಪಿನ ರಸ, ಇಂಜೆಕ್ಷನ್ನು ಎಲ್ಲ ಆಗುತ್ತದೆ. ಹುಣ್ಣು ಒಣಗಿದಂತೆ ಕಂಡು ಮತ್ತೆ ಬಾಯಿ ಬಿಡುತ್ತದೆ. ಕಾರಣ ಹುಣ್ಣಿನ ಮೇಲಿರುವ ನಾಳದಲ್ಲಿದ್ದಾಗ, ಹುಣ್ಣಿಗಷ್ಟೇ ಔಷಧ ಹಚ್ಚಿದರೆ ಏನು ಬಂತು? (ಸಕ್ಕರೆ ಕಾಯಿಲೆಯವರಿಗೆ ಬೆರಳಿಗೋ ಅಂಗಾಲಿಗೋ ಆಗುವ ಹುಣ್ಣು ಬೇರೆ. ಅದಕ್ಕೆ ಬೇರೆಯೇ ಚಿಕಿತ್ಸೆ.)

ಈ ಮಾತಿಗೆ ಒಳ್ಳೆಯ ಆಧಾರವಿದೆ. ಬ್ರಿಟನ್ನಿನ 20 ಆಸ್ಪತ್ರೆಗಳಲ್ಲಿ ಇಂಥ ಹುಣ್ಣಿದ್ದ 450 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಎಲ್ಲರಿಗೂ ಬಿಗಿ ಪಟ್ಟಿ ಕಟ್ಟಿದರು. ಒಂದು ಗುಂಪಿಗೆ ಮಾತ್ರ ಎರಡು ವಾರದೊಳಗೇ ನಾಳಕ್ಕೂ ಚಿಕಿತ್ಸೆ ಮಾಡಿದರು, ಇನ್ನೊಂದಕ್ಕೆ ಅದನ್ನು ತಡವಾಗಿ ಮಾಡಿದರು. ಬೇಗ ಮಾಡಿದ ಗುಂಪಿನಲ್ಲಿ ಅರ್ಧದಷ್ಟು ಜನರ ಹುಣ್ಣು 56 ದಿನಗಳಲ್ಲಿ ಮಾಯ್ದಿತ್ತು. ಇನ್ನೊಂದು ಗುಂಪಿಗೆ ಅಷ್ಟಾಗಲು 82 ದಿನ ಬೇಕಾಯಿತು. 2018ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಇನ್ನು ಚಿಕಿತ್ಸೆಯ ಮಾತು. ಹಿಂದೆ ತೊಡೆಸಂದಿಯಲ್ಲಿ ಕುಯ್ದು, ನಾಳದೊಳಗೆ ತಂತಿ ತೂರಿಸಿ, ಇಡೀ ನಾಳವನ್ನೇ ಕಿತ್ತು ತೆಗೆಯುತ್ತಿದ್ದರು. 1907ರಲ್ಲಿ ಅಮೆರಿಕದ ಬ್ಯಾಬ್‌ಕಾಕ್ ಎಂಬ ಶಸ್ತ್ರವೈದ್ಯ ತೋರಿಸಿದ ದಾರಿ ಇದು. ಸುಮಾರು ತೊಂಬತ್ತು ವರ್ಷ ಇದೇ ನಡೆಯಿತು, ಕೆಲವೆಡೆ ಈಗಲೂ ಇದೆ. ಕೆಟ್ಟ ಚಿಕಿತ್ಸೆಯೇನಲ್ಲ. ಆದರೆ ನೋವು, ರಕ್ತ ಹೆಪ್ಪುಗಟ್ಟಿದ ಕಲೆ, ಕೆಲಸಕ್ಕೆ ರಜೆ ಇವೆಲ್ಲ ಹೆಚ್ಚು.

ಹಾಗೆ ಕಿತ್ತರೂ ಕಾಲಿಗೆ ತೊಂದರೆಯಾಗುತ್ತಿರಲಿಲ್ಲ. ಏಕೆಂದರೆ ಕಾಲಿನಲ್ಲಿ ಎರಡು ದಾರಿಗಳಿವೆ. ಸ್ನಾಯುಗಳ ನಡುವೆ, ಆಳದಲ್ಲಿರುವ ನಾಳಗಳೇ ಹೆದ್ದಾರಿ. ರಕ್ತದ ಬಹುಪಾಲು ಏರುವುದು ಅಲ್ಲಿಂದ. ಚರ್ಮದಡಿ ಇರುವ, ಉಬ್ಬುವ ನಾಳ ಕಾಲುದಾರಿ. ಕೆಟ್ಟ ಕಾಲುದಾರಿಯನ್ನು ಮುಚ್ಚಿದರೆ ರಕ್ತ ಹೆದ್ದಾರಿ ಹಿಡಿಯುತ್ತದೆ, ಅಷ್ಟೆ. ಆದರೆ ಹೆದ್ದಾರಿ ಸರಿಯಿದೆಯೇ ಎಂದು ಮೊದಲೇ ನೋಡಬೇಕು. ಅದಕ್ಕೆ ಡಾಪ್ಲರ್ ಸ್ಕ್ಯಾನ್ ಇದೆ. ಬಸಿರಿಯರ ಹೊಟ್ಟೆಗೆ ಮಾಡುವಂಥದೇ ಸ್ಕ್ಯಾನು, ನೋವಿಲ್ಲ. ರೋಗಿಯನ್ನು ನಿಲ್ಲಿಸಿ, ಯಾವ ಕವಾಟ ಸೋರುತ್ತಿದೆ ಎಂದು ಅದರಲ್ಲಿ ಕಣ್ಣಾರೆ ನೋಡಬಹುದು. ಈ ಸ್ಕ್ಯಾನ್ ಮಾಡದೆ 'ನಾಳೆಯೇ ಬನ್ನಿ, ತೆಗೆಯೋಣ' ಎನ್ನುವವರನ್ನು ನಂಬಬೇಡಿ.

1990ರ ದಶಕದ ಕೊನೆಯಲ್ಲಿ ಹೊಸ ಉಪಾಯ ಬಂತು. ನಾಳವನ್ನು ಕೀಳುವ ಬದಲು ಇದ್ದಲ್ಲೇ ಮುಚ್ಚಿಬಿಡುವುದು. ಮೊಣಕಾಲಿನ ಹತ್ತಿರ ಸೂಜಿ ಚುಚ್ಚಿ, ಅದರ ಮೂಲಕ ತೆಳ್ಳಗಿನ ನಳಿಕೆಯೊಂದನ್ನು ನಾಳದೊಳಗೆ ತೊಡೆಸಂದಿಯ ಹತ್ತಿರದವರೆಗೆ ಏರಿಸುತ್ತಾರೆ. ಎಲ್ಲವೂ ಸ್ಕ್ಯಾನಿನ ಪರದೆ ನೋಡುತ್ತಲೇ. ನಾಳದ ಸುತ್ತ ಉದ್ದಕ್ಕೂ ಮರಗಟ್ಟಿಸುವ ಔಷಧ ಬೆರೆಸಿದ ಸಲೈನು ತುಂಬುತ್ತಾರೆ. ಅದು ನೋವನ್ನೂ ತಡೆಯುತ್ತದೆ, ಸುತ್ತಲಿನ ಮಾಂಸ ಸುಡದಂತೆಯೂ ಕಾಯುತ್ತದೆ. ಆಮೇಲೆ ನಳಿಕೆಯ ತುದಿಗೆ ಶಾಖ ಕೊಟ್ಟು, ಹಿಂದಕ್ಕೆ ಎಳೆಯುತ್ತಾ ಬರುತ್ತಾರೆ. ಶಾಖ ಲೇಸರಿನದಾಗಬಹುದು, ರೇಡಿಯೋ ತರಂಗದ್ದಾಗಬಹುದು. ನಮ್ಮ ಆಕಾಶವಾಣಿಯ ತರಂಗದ ದೂರದ ನೆಂಟ ಎನ್ನಿ! ಈ ರೇಡಿಯೋ ವಿಧಾನದಲ್ಲಿ ನಾಳದ 7 ಸೆಂಟಿಮೀಟರು ಭಾಗವನ್ನು 20 ಸೆಕೆಂಡು ಕಾಲ 120 ಡಿಗ್ರಿಗೆ ಕಾಯಿಸುತ್ತಾರೆ. ನಾಳ ಸುಕ್ಕಿ ಮುಚ್ಚುತ್ತದೆ, ಕಾಲಕ್ರಮದಲ್ಲಿ ಮೈಯೊಳಗೇ ಕರಗುತ್ತದೆ. ಮುಗಿದ ಕೂಡಲೇ ರೋಗಿಯನ್ನು ನಡೆಸುತ್ತಾರೆ. ಹೆಚ್ಚಿನವರು ಅಂದೇ ಮನೆಗೆ ಹೋಗುತ್ತಾರೆ.

ಸುರುಳಿ ಸುತ್ತಿದ ನಾಳದೊಳಗೆ ನಳಿಕೆ ಹೋಗದಿದ್ದರೆ, ಔಷಧವನ್ನು ಗಾಳಿಯೊಡನೆ ಕಲಸಿ ನೊರೆ ಮಾಡಿ ಚುಚ್ಚುವುದುಂಟು. ನೊರೆ ನಾಳದ ಒಳಗೋಡೆಯನ್ನು ಕೆರಳಿಸಿ ಅಂಟಿಸುತ್ತದೆ. ಖರ್ಚು ಕಡಿಮೆ, ಆದರೆ ಮತ್ತೆ ಮತ್ತೆ ಬೇಕಾಗಬಹುದು. ಅಂಟು ಹಾಕಿ ಮುಚ್ಚುವ ವಿಧಾನವೂ ಇದೆ. ಅಮೆರಿಕದಲ್ಲಿ ಅದಕ್ಕೆ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಬೆಲೆ ಮಾತ್ರ ದುಬಾರಿ. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ 2013ರಲ್ಲೇ ಮೊದಲು ಶಾಖ, ಆಗದಿದ್ದರೆ ನೊರೆ, ಅದೂ ಆಗದಿದ್ದರೆ ಶಸ್ತ್ರಕ್ರಿಯೆ ಎಂದು ಸರದಿ ಹಾಕಿಕೊಟ್ಟಿದೆ.

ಯಾವುದೇ ವಿಧಾನದಲ್ಲೂ ಕೆಲವರಿಗೆ ಕೆಲವು ವರ್ಷಗಳ ನಂತರ ಬೇರೆ ನಾಳ ಉಬ್ಬಬಹುದು. ಹರಡಿನ ಬಳಿ ಸ್ವಲ್ಪ ಕಾಲ ಜೋಮು ಇರಬಹುದು. 'ಜೀವಮಾನಕ್ಕೆ ಗ್ಯಾರಂಟಿ' ಎಂಬ ಜಾಹೀರಾತು ಸುಳ್ಳು.

ಜೇಡರ ಬಲೆಯಂತೆ ಚರ್ಮದಲ್ಲೇ ಕಾಣುವ ಕೆಂಪು ನೀಲಿ ಎಳೆಗಳು ಬೇರೆ. ಹೆಚ್ಚಾಗಿ ಅವು ನೋಟದ ತೊಂದರೆ ಮಾತ್ರ. ಬೇಡವೆನಿಸಿದರೆ ಕೂದಲೆಳೆಯಂಥ ಸೂಜಿಯಿಂದ ಔಷಧ ಚುಚ್ಚಿ ಮಾಯಿಸಬಹುದು. ಚರ್ಮದ ಮೇಲೆ ಬಿಡುವ ಲೇಸರಿನಿಂದ ನಮ್ಮಂಥ ಕಂದು ಚರ್ಮಕ್ಕೆ ಸುಟ್ಟ ಕಲೆಯಾಗುವ ಭಯವಿದೆ, ಕೇಳಿಯೇ ಮುಂದುವರಿಯಿರಿ.

ಬಿಗಿ ಕಾಲುಚೀಲ ನೋವು, ಬಾವು ಇಳಿಸುತ್ತದೆ, ಕವಾಟವನ್ನು ರಿಪೇರಿ ಮಾಡುವುದಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಹಾಕಿಕೊಳ್ಳಬೇಕು. ಬೀಡಿ ಸೇದುವವರು, ಸಕ್ಕರೆ ಕಾಯಿಲೆಯವರು ಪಾದದ ನಾಡಿ ಪರೀಕ್ಷಿಸಿಕೊಳ್ಳದೆ ಹಾಕಬಾರದು. ಬಸಿರಿನಲ್ಲಿ ಉಬ್ಬಿದ್ದು ಹೆರಿಗೆಯ ನಂತರ ಸಾಕಷ್ಟು ಇಳಿಯುತ್ತದೆ, ಆ ತನಕ ಕಾಯುವುದು ವಾಡಿಕೆ.

ಗಡಿಯಲ್ಲಿರುವ ನಮಗೆ ಒಂದು ತೊಡಕು ಹೆಚ್ಚು. ವಿಮೆಯ ಕಾರ್ಡು ಒಂದು ರಾಜ್ಯದ್ದು, ಹತ್ತಿರದ ದೊಡ್ಡಾಸ್ಪತ್ರೆ ಇನ್ನೊಂದು ರಾಜ್ಯದಲ್ಲಿ. ಕಾರ್ಡು ಅಲ್ಲಿ ನಡೆಯುತ್ತದೆಯೇ, ಯಾವ ವಿಧಾನಕ್ಕೆ ಎಷ್ಟು ಸಿಗುತ್ತದೆ ಎಂಬುದನ್ನು ದಾಖಲಾಗುವ ಮೊದಲೇ ಕೌಂಟರಿನಲ್ಲಿ ವಿಚಾರಿಸಿ.

ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು ನೋಯತೊಡಗಿದರೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಉಸಿರು ಕಟ್ಟಿದರೆ ಇನ್ನೂ ಅಪಾಯ. ತಿಕ್ಕಬೇಡಿ, ಎಣ್ಣೆ ನೀವಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಉಬ್ಬಿದ ನಾಳ ಒಡೆದು ರಕ್ತ ಚಿಮ್ಮಿದರೆ ಮೇಲೆ ಹಗ್ಗವನ್ನೋ ಟವೆಲನ್ನೋ ಬಿಗಿಯುವುದು ತಪ್ಪು. ರೋಗಿಯನ್ನು ನೆಲದ ಮೇಲೆ ಮಲಗಿಸಿ, ಕಾಲನ್ನು ಎದೆಗಿಂತ ಎತ್ತರಕ್ಕೆ ಎತ್ತಿ, ಶುದ್ಧ ಬಟ್ಟೆಯಿಂದ ಒಡೆದ ಜಾಗವನ್ನೇ ಹತ್ತು ನಿಮಿಷ ಬಿಡದೆ ಒತ್ತಿಹಿಡಿಯಿರಿ. ರಕ್ತ ನಿಂತ ಮೇಲೆ ಪಟ್ಟಿ ಕಟ್ಟಿ ಕರೆದೊಯ್ಯಿರಿ. ನಿಲ್ಲದಿದ್ದರೆ ಒತ್ತಿದ ಕೈ ತೆಗೆಯದೆಯೇ ಗಾಡಿ ಹತ್ತಿಸಿ.